ಬಕೆಟ್ಟಿನಲ್ಲಿ ಮೂರು ಕಾಲು

ಮೊನ್ನೆ ಒಬ್ಬಳು ಹುಡುಗಿ ನನಗೆ ಮೆಸೇಜ್ ಮಾಡಿದ್ದಳು. ಯಾವುದೋ ಊರಿನಲ್ಲಿ ಭಾನುವಾರ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳಂತೆ. ಅಪ್ಪ ಅಮ್ಮಂದಿರೆಲ್ಲ ಸೇರಿ ಮಕ್ಕಳಿಗಾಗಿ ಒಂದು ವೆಬ್‌ಸೈಟ್ ಕಟ್ಟಬೇಕೆಂದಿದ್ದಾರಂತೆ. "ಆಂಟಿ, ನೀವು ಚೆನ್ನೈನಲ್ಲಿ ಆ ಕಾಲಕ್ಕೇ ಇಂಥದ್ದು ಮಾಡಿದ್ರಂತೆ. ಏನೇನು ಕಲಿತ್ರಿ, ಸ್ವಲ್ಪ ಪಾಯಿಂಟ್ ಪಾಯಿಂಟಾಗಿ ಹೇಳ್ತೀರಾ?"

ಹೇಳೋಣವೆಂದು ಕೂತೆ. ಮೊದಲನೆಯದು, ಎಲ್ಲದರದ್ದೂ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಬರೆದೆ. ಎರಡನೆಯದಕ್ಕೆ ಬಂದಾಗ ಕೈ ನಿಂತಿತು. ನನಗೆ ನೆನಪಾಗಿದ್ದು ಪಾಯಿಂಟ್ ಅಲ್ಲ, ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್. ಅವಳಿಗೆ ಕಳಿಸಬೇಕಿದ್ದ ಉತ್ತರ ಉದ್ದವಾಗಿಬಿಟ್ಟಿತು. ಇರಲಿ, ನೀವೂ ಓದಿ.

ಆಗ ನಾವು ಅಡ್ಯಾರ್‌ನಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಗಂಡನ ಕೆಲಸಕ್ಕೆಂದು ತುಮಕೂರಿನಿಂದ ಬಂದಾಗ ಮಗಳಿಗೆ ಮೂರು ವರ್ಷ. ನಾನು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದೆ. ಸಂಜೆ ನಾನು ಬರುವವರೆಗೆ ಮಗಳು ಕೆಳಗಿನ ಮನೆಯಲ್ಲಿ, ಮನೆ ಯಜಮಾನಿಯ ಹತ್ತಿರ. ಆಕೆಗೆ ಎಪ್ಪತ್ತರ ಹತ್ತಿರ ವಯಸ್ಸು, ತಮಿಳು ಬಿಟ್ಟು ಬೇರೆ ಒಂದಕ್ಷರ ಬಾರದು. ನನ್ನ ಮಗಳಿಗೆ ಆಕೆ ಪಾಟಿ. ತಮಿಳಿನಲ್ಲಿ ಅಜ್ಜಿ ಎನ್ನುವುದು ಹಾಗೆಯೇ ತಾನೆ. ನನಗೆ ಮಾಮಿ.

ಮಗಳಿಗೆ ಒಂಬತ್ತು ತುಂಬುವಷ್ಟರಲ್ಲಿ ಕನ್ನಡ ಅವಳ ಕಿವಿಯೊಳಗೆ ಹೋಗುತ್ತಿತ್ತೇ ಹೊರತು ಬಾಯಿಂದ ಹೊರಗೆ ಬರುತ್ತಿರಲಿಲ್ಲ.

"ಊಟ ಆಯ್ತೇನೇ?"

"ಆಚ್ಚು ಮಾ."

"ಆಯ್ತು ಅನ್ನು."

"ರೆಂಡುಂ ಒಣ್ಣುದಾನೇ ಮಾ," ಎರಡೂ ಒಂದೇ ತಾನೇ ಎಂದು ಅವಳ ವಾದ. ಅವಳಿಗೆ ಎರಡೂ ಒಂದೇ. ನನಗೆ ಅಲ್ಲ. ನಾನು ಹೆತ್ತ ಮಗಳು ನನಗೆ ಅರ್ಥವಾಗುವ ಭಾಷೆಯಲ್ಲೇ ಮಾತಾಡುತ್ತಿದ್ದಳು, ನಿಜ. ಆದರೆ ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು, ನಮ್ಮಿಬ್ಬರ ನಡುವೆ ಕಿಟಕಿಯ ಗಾಜು ಇದ್ದಂತೆ. ಕಾಣುತ್ತದೆ, ಮುಟ್ಟಲು ಬರುವುದಿಲ್ಲ. ಒಂದು ಸಲ ಅವಳಾಗಿಯೇ, ನಾನು ಕೇಳದೆ, ನನ್ನ ಹತ್ತಿರ ಕನ್ನಡದಲ್ಲಿ ಏನಾದರೂ ಹೇಳಲಿ ಎಂದು ಎಷ್ಟು ಆಸೆಪಡುತ್ತಿದ್ದೆ ಎಂದರೆ, ಹಾಲು ಉಕ್ಕುತ್ತಿದೆ ಎಂದಾದರೂ ಕನ್ನಡದಲ್ಲಿ ಕೂಗಲಿ ಎಂದು ಹಾಲಿಟ್ಟು ಈಚೆ ಬಂದು ಕೂತಿದ್ದೂ ಉಂಟು. ನಗಬೇಡಿ. ಹಾಲು ಉಕ್ಕಿತು, ಅಷ್ಟೆ.

ನನ್ನಂತೆ ಒದ್ದಾಡುವವರು ಇನ್ನೂ ಇದ್ದರು. ಎಗ್ಮೋರ್‌ನಲ್ಲಿ ಒಬ್ಬ ಮೈಸೂರು ಕಡೆಯ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾದವರು, ತಮ್ಮ ಮನೆಯ ಮೇಲಿನ ಕೋಣೆಯಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅವರನ್ನು ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಪೆರಂಬೂರಿನಿಂದ ಇನ್ನೊಬ್ಬರು ಬರುತ್ತಿದ್ದರು, ಮಕ್ಕಳಿಗೆ ಹಾಡು ಹೇಳಿಕೊಡಲು. ವೈಷ್ಣವರ ಮನೆ, ಅವರ ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇದ್ದವರು, ಯಜಮಾನರು ರೈಲು ಡಬ್ಬಿ ಕಾರ್ಖಾನೆಯಲ್ಲಿದ್ದರು. ಆಕೆ ಪೆರಂಬೂರು ಮಾಮಿ. ಅವರ ಕನ್ನಡ ಅರ್ಧ ತಮಿಳು. "ಏನ್ ಮಾ, ಆತ್ತಿಗೆ ಬಂದು ಕಾಫಿ ಕುಡಿಯದೆ ಹೋಗ್ತೀಯಾ? ನಲ್ಲಾ ಇದೆ ನಿನ್ನ ನ್ಯಾಯ!" ಎನ್ನುವರು. ಅವರ ಬಾಯಲ್ಲಿ ಮನೆ ಎಂದರೆ ಆತ್ತು. ಸಾರ್ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದರು, ಹಲ್ಲುನೋವು ಬಂದವರ ಹಾಗೆ.

ವೆಬ್‌ಸೈಟ್ ಮಾಡೋಣ ಎಂದವಳು ನಾನೇ. ಆಗಿನ್ನೂ ಬೀದಿಗೊಂದು ಬ್ರೌಸಿಂಗ್ ಸೆಂಟರ್ ಹುಟ್ಟಿಕೊಳ್ಳುತ್ತಿದ್ದ ಕಾಲ. ಪ್ರತಿ ಮಗುವೂ ತನ್ನ ಮನೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಬೇಕು, ಚಿತ್ರ ಬಿಡಿಸಬೇಕು. ಒಬ್ಬರದ್ದನ್ನು ಒಬ್ಬರು ಓದಬೇಕು. ಪುಸ್ತಕ ನೋಡಿ ಕಲಿಯದವರು ಕಂಪ್ಯೂಟರ್ ನೋಡಿಯಾದರೂ ಕಲಿಯಲಿ. ಎಲ್ಲರಿಗೂ ಹಿಡಿಸಿತು. ಸಾರ್ ಅಂತೂ ಮಕ್ಕಳಿಗಿಂತ ಹೆಚ್ಚು ಕುಣಿದರು. "ಅಮ್ಮಾ, ನಾಳೆ ಅಮೆರಿಕದಲ್ಲಿ ಕೂತವನೂ ನೋಡ್ತಾನೆ ಕಣಮ್ಮ. ಒಂದು ಕಾಗುಣಿತ ಹೆಚ್ಚುಕಡಿಮೆ ಆದ್ರೂ ಮಾನ ಹೋಗತ್ತೆ."

ಇಲ್ಲಿ ಸ್ವಲ್ಪ ಕಂಪ್ಯೂಟರ್ ವಿಷಯ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಈಗ ಫೋನಿನಲ್ಲಿ ಒತ್ತಿದರೆ ಕನ್ನಡ ಬರುತ್ತದೆ. ಆಗ ನನ್ನ ಕಂಪ್ಯೂಟರಿನಲ್ಲಿ ಹೊಡೆದ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತಿರಲಿಲ್ಲ. ಅದೇ ಅಕ್ಷರದ ಫಾಂಟ್ ಅಲ್ಲಿಯೂ ಇರಬೇಕು. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಡಾಲರ್ ಗುರುತು ಎಲ್ಲ ಸೇರಿದ ಒಂದು ಚಿತ್ರಾನ್ನ. ಅದಕ್ಕೆ ನಾನು ಕಂಡುಕೊಂಡ ದಾರಿ ಎಂದರೆ ಇಡೀ ಪುಟವನ್ನೇ ಒಂದು ಚಿತ್ರವನ್ನಾಗಿ ಮಾಡಿ ಹಾಕುವುದು. ಫೋಟೋ ಇದ್ದಂತೆ. ಯಾರು ಎಲ್ಲಿ ತೆರೆದರೂ ಕನ್ನಡ ಕಾಣುತ್ತದೆ.

ತೊಂದರೆ ಒಂದೇ. ಚಿತ್ರವಾದ ಮೇಲೆ ಒಂದು ಪದ ತಿದ್ದಬೇಕಾದರೂ ಇಡೀ ಪುಟ ಮತ್ತೆ ಮಾಡಬೇಕು. ಆದ್ದರಿಂದ ಕಂಪ್ಯೂಟರಿಗೆ ಹೋಗುವ ಮೊದಲೇ, ಹಾಳೆಯ ಮೇಲೆ ಇರುವಾಗಲೇ ಎಲ್ಲ ತಿದ್ದಿ ಮುಗಿಸಬೇಕು ಎಂದು ನಾವು ಒಂದು ಪದ್ಧತಿ ಮಾಡಿಕೊಂಡೆವು. ಮಗು ಬರೆದ ಹಾಳೆ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಮೂರು ಮನೆ ಸುತ್ತಬೇಕು. ಅಡ್ಯಾರ್‌ನಲ್ಲಿ ನಾನು ನೀಲಿ ಶಾಯಿಯಲ್ಲಿ ತಿದ್ದುವುದು, ಎಗ್ಮೋರ್‌ನಲ್ಲಿ ಸಾರ್ ಹಸಿರು, ಪೆರಂಬೂರಿನಲ್ಲಿ ಮಾಮಿ ಕೆಂಪು. ನಂತರ ಹಾಳೆ ನನ್ನ ಹತ್ತಿರ ವಾಪಸು. ಶಾಯಿಗಳು ಒಪ್ಪದಿದ್ದರೆ ಭಾನುವಾರದವರೆಗೆ ಆ ಹಾಳೆಯನ್ನು ನಿಲ್ಲಿಸಿ, ಮೂವರೂ ಕೂತು ಮಾತಾಡಬೇಕು. ಈ ನಿಯಮ ಮಾಡಿದವಳೂ ನಾನೇ, ನೆನಪಿಟ್ಟುಕೊಳ್ಳಿ.

ಮೂರು ಮನೆಗೂ ಮೂರು ಥರದ ಕನ್ನಡ. ನನ್ನ ತುಮಕೂರಿನ 'ಐತೆ' ಕಂಡರೆ ಸಾರ್ ಹಸಿರು ಗೀಟು ಎಳೆಯುವರು. ಸಾರ್ ಬರೆಸಿದ್ದನ್ನು ನೋಡಿ ಪೆರಂಬೂರು ಮಾಮಿ "ಇಷ್ಟು ಇಸ್ತ್ರಿ ಮಾಡಿದ ಕನ್ನಡ ಯಾರಮ್ಮ ಉಟ್ಕೋತಾರೆ?" ಎನ್ನುವರು. ಯಾರದ್ದು ಇರಬೇಕು ಎಂದು ತೀರ್ಮಾನವಾಗದೆ ಕೊನೆಗೆ ಎಲ್ಲ ಪುಟವೂ ಪಾಠಪುಸ್ತಕದ ಕನ್ನಡಕ್ಕೆ ಬಂದು ನಿಲ್ಲುತ್ತಿತ್ತು. ಅದು ನಮ್ಮ ಮೂವರ ಮನೆಯಲ್ಲೂ ಯಾರೂ ಆಡದ ಕನ್ನಡ. ಅದರ ಮೇಲೆ ಜಗಳವಿಲ್ಲ, ಅದೊಂದೇ ಅದರ ಗುಣ.

ನನ್ನ ಮಗಳು ಎಲ್ಲರಿಗಿಂತ ಕೊನೆಗೆ ಬರೆದಳು. ಒಂದು ದಿನ ನಾನು ಕೆಲಸದಿಂದ ಬಂದಾಗ ಊಟದ ಮೇಜಿನ ಮೇಲೆ ಒಂದು ಹಾಳೆ ಇತ್ತು, ಗೀಟಿನ ನೋಟ್‌ಬುಕ್ಕಿನಿಂದ ಹರಿದದ್ದು. ಪೆನ್ಸಿಲ್‌ನಲ್ಲಿ, ಕನ್ನಡ ಅಕ್ಷರದಲ್ಲಿ. ಮೇಲೆ ದೊಡ್ಡದಾಗಿ 'ಕೆಳಗಡೆ ಪಾಟಿ'. ಕೆಳಗೆ ಒಂದು ಬಕೆಟ್ಟಿನ ಚಿತ್ರ, ಅದರೊಳಗಿಂದ ಮೇಲೆ ಬಂದ ಮೂರು ಕಾಲು.

ಅದನ್ನು ನಾನು ಎಷ್ಟು ಸಲ ಓದಿದೆ? ಎರಡು ಸಲ ಇರಬೇಕು. ಅವಸರದಲ್ಲಿ. ಕೈಯಲ್ಲಿ ಆಗಲೇ ನೀಲಿ ಪೆನ್ನು ಇತ್ತು. ಖುಷಿಯಾಗಲಿಲ್ಲವೇ? ಆಯಿತು. ಅವಳು ಕನ್ನಡದಲ್ಲಿ ಒಂದು ಪುಟ ತುಂಬ ಬರೆದಿದ್ದಳಲ್ಲ. ಆದರೆ ಆ ಖುಷಿಯ ಪಕ್ಕದಲ್ಲೇ ಇನ್ನೊಂದು ಚುಚ್ಚಿತು. ಅವಳ ಮೊದಲ ಕನ್ನಡ ಪುಟ ನನ್ನ ಬಗ್ಗೆ ಅಲ್ಲ, ನನ್ನ ಅಮ್ಮನ ಬಗ್ಗೆ ಅಲ್ಲ, ಕೆಳಗಿನ ಮನೆಯ ತಮಿಳು ಹೆಂಗಸಿನ ಬಗ್ಗೆ. ತುಮಕೂರಿನಿಂದ ನನ್ನ ಅಮ್ಮ ಫೋನು ಮಾಡಿದಾಗಲೆಲ್ಲ "ನಿನ್ ಮಗಳು ನನ್ನತ್ರ ಮಾತೇ ಆಡಲ್ವಲ್ಲೇ, ಹೂಂ ಅಂತಾಳೆ, ಫೋನ್ ನಿನಗೇ ಕೊಡ್ತಾಳೆ" ಎನ್ನುತ್ತಿದ್ದರು.

ಹಾಳೆ ಸುತ್ತಿಗೆ ಹೋಯಿತು. ವಾಪಸು ಬಂದಾಗ ತುಂಬ ಹಸಿರು. ಬಕೆಟ್ಟಿನ ಸಾಲಿನ ಪಕ್ಕದಲ್ಲಿ ಸಾರ್ ಮುದ್ದಾದ ಅಕ್ಷರದಲ್ಲಿ ಬರೆದಿದ್ದರು, 'ಇದು ಅಗತ್ಯವಿಲ್ಲ.' ಮೇಲೆ ತಲೆಬರಹದ ಹತ್ತಿರ, 'ಕನ್ನಡ ಮಕ್ಕಳ ತಾಣದಲ್ಲಿ ಪಕ್ಕದ ಮನೆಯವರು ಏಕೆ? ಸ್ವಂತ ಅಜ್ಜಿ ಇದ್ದಾರಲ್ಲವೆ?' ಅದರ ಕೆಳಗೆ ಪೆರಂಬೂರಿನ ಕೆಂಪು. ಮಾಮಿ ಒಂದೇ ಒಂದು ಕಡೆ ಗುರುತು ಹಾಕಿದ್ದರು. ಬಕೆಟ್ಟಿಗೆ. 'ಇದು ಹಾಗೇ ಇರಲಿ. ನಗು ಬಂತು.'

ಶಾಯಿಗಳು ಒಪ್ಪಿರಲಿಲ್ಲ. ಹಾಳೆಯನ್ನು ಭಾನುವಾರದವರೆಗೆ ನಿಲ್ಲಿಸಬೇಕಿತ್ತು. ನಾನು ನಿಲ್ಲಿಸಲಿಲ್ಲ.

ಸಾರ್ ಮೇಲೆ ಹಾಕಿಬಿಡುವುದು ನನಗೆ ಸುಲಭ. ಎಷ್ಟೋ ವರ್ಷ ಹಾಗೇ ಮಾಡಿದೆ ಕೂಡ. ಆದರೆ ಆ ಮನುಷ್ಯ ಒಂದು ಅಭಿಪ್ರಾಯ ಬರೆದರು, ಅಷ್ಟೆ. ಕಂಪ್ಯೂಟರಿನ ಮುಂದೆ ಕೂತವಳು ನಾನು. ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಎಲ್ಲ ಪುಟ ತಯಾರಿರಬೇಕಿತ್ತು ಎನ್ನುವುದು ನೆಪ. ನಿಜ ಹೇಳಲೇ? ಹಸಿರು ಶಾಯಿ ನನಗೆ ಬೇಕಾದದ್ದನ್ನೇ ಹೇಳಿತ್ತು. ಹೊಸ ಪುಟ ಬರೆದೆ. 'ನಮ್ಮ ಅಜ್ಜಿ. ನಮ್ಮ ಅಜ್ಜಿ ಅಂಗಳದಲ್ಲಿ ಕುಳಿತು ನಮಗೆ ಕಥೆಗಳನ್ನು ಹೇಳುತ್ತಾರೆ. ಅವರು ಮಾಡುವ ಹೋಳಿಗೆ ಬಹಳ ರುಚಿಯಾಗಿರುತ್ತದೆ. ನನಗೆ ನಮ್ಮ ಅಜ್ಜಿ ಎಂದರೆ ತುಂಬಾ ಇಷ್ಟ.' ಹೀಗೆ ಹತ್ತು ಸಾಲು. ಟೈಪ್ ಮಾಡುತ್ತಾ ನನ್ನ ಕಣ್ಣೇ ತುಂಬಿ ಬಂತು ಎಂದರೆ ನೀವು ನಂಬಬೇಕು. ನನ್ನ ಮಗಳು ಹೀಗೆ ಬರೆದಿದ್ದರೆ ಎಷ್ಟು ಚೆನ್ನ ಎಂದುಕೊಂಡೆ. ಅವಳೇ ಬರೆದಳು ಎಂದೂ ಅಂದುಕೊಂಡೆ. ಕೆಳಗೆ ಅವಳ ಹೆಸರು ಹಾಕಿದೆ.

ಪೆನ್ಸಿಲ್ ಚಿತ್ರ ಸ್ಕ್ಯಾನ್ ಮಾಡಿದಾಗ ಮಸುಕು ಮಸುಕಾಗಿ ಬಂತು. ಕಂಪ್ಯೂಟರಿನ ಜೊತೆಗೆ ಬಂದ ರೆಡಿಮೇಡ್ ಚಿತ್ರಗಳಲ್ಲಿ ಒಬ್ಬಳು ಅಜ್ಜಿ ಸಿಕ್ಕಳು. ದುಂಡು ಕನ್ನಡಕ, ತೂಗುಕುರ್ಚಿ, ಕೈಯಲ್ಲಿ ಉಣ್ಣೆ, ಸ್ವೆಟರ್ ಹೆಣೆಯುತ್ತಿರುವ ಬಿಳಿಯ ಅಜ್ಜಿ. ಅವಳನ್ನೇ ಕೂರಿಸಿದೆ.

ಹಾಳೆ ಏನಾಯಿತು? ನಮ್ಮ ಮನೆಯಲ್ಲಿ ಒಂದು ಕಡೆ ಖಾಲಿ ಇರುವ ಕಾಗದವನ್ನು ಬಿಸಾಡುವ ಪದ್ಧತಿ ಇರಲಿಲ್ಲ. ಅಡುಗೆಮನೆಯ ಮೊಳೆಗೆ ಚುಚ್ಚಿಡುತ್ತಿದ್ದೆವು, ಅಂಗಡಿ ಚೀಟಿ ಬರೆಯಲು. ಒಂದು ದಿನ ಅದರ ಬೆನ್ನಿಗೆ ತೊಗರಿಬೇಳೆ, ಸೋಪು, ಜೀರಿಗೆ ಎಂದು ಬರೆದು ಅಂಗಡಿಯವನ ಕೈಗೆ ಕೊಟ್ಟೆ. ಅವನು ಸಾಮಾನು ಕಟ್ಟಿಕೊಟ್ಟ, ಚೀಟಿ ಇಟ್ಟುಕೊಂಡ.

ಈ ನಡುವೆ ಮಗಳು ಕೆಳಗೆ ಹೋಗಿ ಹೇಳಿಬಿಟ್ಟಿದ್ದಳು. "ಪಾಟಿ, ನೀಂಗ ಕಂಪ್ಯೂಟರ್‌ಲೆ ವರಪ್ಪೋರೀಂಗ!" ನೀವು ಕಂಪ್ಯೂಟರಿನಲ್ಲಿ ಬರುತ್ತೀರಿ ಎಂದು. ಮುಗಿಯಿತು. ಕೆಳಗಿನ ಮಾಮಿ ನನ್ನನ್ನು ಮೆಟ್ಟಿಲ ಹತ್ತಿರ ಕಂಡಾಗಲೆಲ್ಲ ಹಿಡಿಯುತ್ತಿದ್ದರು. "ಎನ್ನಮ್ಮಾ, ನಾನ್ ಎಪ್ಪೋ ವರುವೇನ್?" ಯಾವಾಗ ಬರುತ್ತೇನೆ, ಯಾವಾಗ ಬರುತ್ತೇನೆ ಎಂದು. ನೆಟ್ ಸ್ಲೋ ಇದೆ ಮಾಮಿ ಎಂದೆ. ಸರ್ವರ್ ಕೆಟ್ಟಿದೆ ಎಂದೆ. ಮಗಳಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಒಂಬತ್ತು ವರ್ಷದ ಮಗುವಿಗೆ ನಿನ್ನ ಪುಟ ತೆಗೆದು ನನ್ನ ಪುಟ ಹಾಕಿದ್ದೇನೆ ಎಂದು ಹೇಳುವುದು ಅಷ್ಟೇನೂ ಕಷ್ಟವಲ್ಲ, ಒಂದು ನಿಮಿಷದ ಕೆಲಸ. ಆ ಒಂದು ನಿಮಿಷ ನನಗೆ ಸಿಗಲೇ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ತೆರೆದರೆ ಕೆಳಗಿನ ಮಾಮಿ. ಮದುವೆಗೆ ಮಾತ್ರ ಹೊರಗೆ ಬರುವ ಅರಗು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ತಲೆಯಲ್ಲಿ ಮಲ್ಲಿಗೆ. ಕನ್ನಡಕ ಒರೆಸಿ ಒರೆಸಿ ಹೊಳೆಯುತ್ತಿತ್ತು. ಪಕ್ಕದಲ್ಲಿ ನನ್ನ ಮಗಳು, ಅವರ ಕೈ ಹಿಡಿದುಕೊಂಡು.

"ವಾ, ಪೋಲಾಂ," ಎಂದರು. ಬಾ, ಹೋಗೋಣ. ಪ್ರಶ್ನೆಯೇ ಇಲ್ಲ.

ಬ್ರೌಸಿಂಗ್ ಸೆಂಟರ್ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಒಳಗೆ ಎ.ಸಿ. ಮಾಮಿ ಚಪ್ಪಲಿ ಬಿಟ್ಟು ಕೈ ಮುಗಿಯುವುದೊಂದು ಬಾಕಿ. ಪ್ಲೈವುಡ್ ಅಡ್ಡ ಹಾಕಿದ ಒಂದು ಗೂಡಿನಲ್ಲಿ ನಾವು ಮೂವರೂ ತುರುಕಿಕೊಂಡೆವು. ಮಾಮಿಗೆ ಕುರ್ಚಿ, ಮಗಳು ಅವರ ತೊಡೆಗೆ ಒರಗಿ, ನಾನು ಹಿಂದೆ ನಿಂತು ಕೈ ಚಾಚಿ ಟೈಪ್ ಮಾಡಿದೆ. ಅಕ್ಷರ ತಪ್ಪಾಗಲಿ, ಪುಟ ತೆರೆಯದಿರಲಿ, ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಬೇಡವಾದಾಗ ದಿನಕ್ಕೆರಡು ಸಲ ಹೋಗುವ ಕರೆಂಟು ಅವತ್ತು ಹೋಗಲಿಲ್ಲ.

ಪುಟ ಚಿತ್ರವಾಗಿತ್ತಲ್ಲ, ಒಟ್ಟಿಗೆ ಬರುತ್ತಿರಲಿಲ್ಲ. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು, ಅಂಗಡಿಯ ಶಟರ್ ಇಳಿದ ಹಾಗೆ. ಮೊದಲು ತಲೆಬರಹ ಬಂತು. 'ನಮ್ಮ ಅಜ್ಜಿ'. ನನ್ನ ಮಗಳ ಬೆನ್ನು ನನಗೆ ಕಾಣುತ್ತಿತ್ತು. ಅದು ನೆಟ್ಟಗಾಯಿತು.

ಆಮೇಲೆ ಚಿತ್ರ ಇಳಿಯಿತು. ತೂಗುಕುರ್ಚಿ. ಉಣ್ಣೆ.

"ಇದು ನಾನಾ?" ಮಾಮಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ನಾನ್ ಎಪ್ಪೋಡೀ ಸ್ವೆಟರ್ ಪಿನ್ನಿನೇನ್? ಇಂದ ಮದ್ರಾಸ್ ವೆಯಿಲ್‌ಲೆ?" ಈ ಮದ್ರಾಸಿನ ಬಿಸಿಲಿನಲ್ಲಿ ನಾನು ಯಾವಾಗ ಸ್ವೆಟರ್ ಹೆಣೆದೆ ಎಂದು.

ಸಾಲುಗಳು ಇಳಿಯುತ್ತಿದ್ದವು. ಮಗಳಿಗೆ ಕನ್ನಡ ಓದಲು ಬರುತ್ತಿತ್ತು, ನಿಧಾನವಾಗಿ, ತುಟಿ ಆಡಿಸಿಕೊಂಡು. ತುಟಿ ಆಡುವುದು ಪಕ್ಕದಿಂದ ಕಾಣಿಸಿತು. ಅಂ-ಗ-ಳ. ಹೋ-ಳಿ-ಗೆ. ಕೊನೆಯವರೆಗೂ ಓದಿದಳು. ಕೆಳಗೆ ತನ್ನ ಹೆಸರನ್ನೂ ಓದಿದಳು.

"ಪಡಿಡೀ ಕಣ್ಣು," ಎಂದರು ಮಾಮಿ. ಓದೇ ಕಂದ.

ನನ್ನ ಮಗಳು ಬಲಗೈ ತೋರುಬೆರಳನ್ನು ಎತ್ತಿ ಮೊದಲ ಸಾಲಿನ ಕೆಳಗೆ ಇಟ್ಟಳು. ನಾವು ಓದಲು ಕಲಿಸಿದ ಹಾಗೆಯೇ. ಬೆರಳನ್ನು ಎಡದಿಂದ ಬಲಕ್ಕೆ ಸರಿಸುತ್ತಾ ತಮಿಳಿನಲ್ಲಿ ಹೇಳತೊಡಗಿದಳು.

ನಮ್ಮ ಮನೆಯ ಕೆಳಗೆ ಪಾಟಿ ಇದ್ದಾರೆ. ಪಾಟಿಗೆ ಬಸ್ಸಿನ ನಂಬರು ಕಾಣುವುದಿಲ್ಲ, ನಾನು ಓದಿ ಹೇಳುತ್ತೇನೆ. ಪಾಟಿ ನನಗೆ ಜಡೆ ಹಾಕುವಾಗ ರೇಡಿಯೋದಲ್ಲಿ ಸುದ್ದಿ ಬಂದರೆ ಜಡೆ ಬಿಗಿಯಾಗುತ್ತದೆ, ಹಾಡು ಬಂದರೆ ಸಡಿಲವಾಗುತ್ತದೆ. ಮೇ ತಿಂಗಳಲ್ಲಿ ಪಾಟಿ ಬಕೆಟ್ಟಿನಲ್ಲಿ ನೀರು ತುಂಬಿ ಕಾಲಿಟ್ಟುಕೊಂಡು ಕೂರುತ್ತಾರೆ. ಬಕೆಟ್ ಚಿಕ್ಕದು. ನನ್ನ ಒಂದು ಕಾಲಿಗೆ ಮಾತ್ರ ಜಾಗ ಇದೆ. ಇನ್ನೊಂದು ಕಾಲು ಹೊರಗೆ ಕಾಯುತ್ತದೆ. ಆಮೇಲೆ ಕಾಲು ಬದಲಾಯಿಸುತ್ತೇವೆ. ಪಾಟಿ ತನ್ನದನ್ನು ತೆಗೆಯುವುದಿಲ್ಲ. ನೀರು ಬಿಸಿಯಾದರೆ ಹೊಸ ನೀರು ನಾನು ತರಬೇಕು.

ಅವಳ ಬೆರಳು 'ಅಂಗಳದಲ್ಲಿ ಕುಳಿತು' ಎನ್ನುವುದರ ಕೆಳಗೆ ಹೋಗುತ್ತಿತ್ತು, ಬಾಯಿ ಬಕೆಟ್ ಎನ್ನುತ್ತಿತ್ತು. ಬೆರಳು 'ಹೋಳಿಗೆ'ಯ ಮೇಲೆ, ಬಾಯಿ ರೇಡಿಯೋ ಹತ್ತಿರ. ಎಲ್ಲೂ ತಡವರಿಸಲಿಲ್ಲ. ಸಾಲು ಮುಗಿದಾಗ ಬೆರಳನ್ನು ಸರಿಯಾಗಿ ಕೆಳಗಿನ ಸಾಲಿಗೆ ತಂದಳು. ನಾನು ಹಿಂದೆ ನಿಂತು ಆವತ್ತು ಮೊದಲನೆಯ ಸಲ ಅವಳ ಪುಟವನ್ನು ಪೂರ್ತಿಯಾಗಿ ಕೇಳಿಸಿಕೊಂಡೆ. ನೀಲಿ ಪೆನ್ನು ಕೈಯಲ್ಲಿ ಇಲ್ಲದೆ.

"ಮೂಣು ಕಾಲಾ!" ಮಾಮಿ ನಕ್ಕ ನಗುವಿಗೆ ಪಕ್ಕದ ಗೂಡಿನವರು ಎದ್ದು ನೋಡಿದರು. "ಅಡಿ ಕಳ್ಳೀ! ಅದೆಲ್ಲಾ ಎಳುದಿಟ್ಟಿಯಾ?" ಅದನ್ನೆಲ್ಲ ಬರೆದುಬಿಟ್ಟೆಯಾ ಎಂದು. ಆಮೇಲೆ ಕುರ್ಚಿಯಲ್ಲೇ ತಿರುಗಿ ನನ್ನನ್ನು ಕೇಳಿದರು, "ಇದೆಲ್ಲಾಂ ಇದುಲೆ ಇರುಕ್ಕಾಮ್ಮಾ?" ಇದೆಲ್ಲ ಇದರಲ್ಲಿ ಇದೆಯಾ.

ಮಗಳೂ ತಿರುಗಿ ನನ್ನನ್ನೇ ನೋಡುತ್ತಿದ್ದಳು.

"ಆಮಾ ಮಾಮಿ," ಎಂದೆ. ಹೌದು ಮಾಮಿ.

ಮಾಮಿ ಪರದೆಯ ಮೇಲೆ ಆ ಸ್ವೆಟರ್ ಅಜ್ಜಿಯನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಂಡರು.

ವಾಪಸು ಬರುವಾಗ ಅವರಿಬ್ಬರೂ ಮುಂದೆ, ನಾನು ಹಿಂದೆ. ಮಾಮಿ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾ ಹೋದರು. ಮನೆಗೆ ಬಂದು, ಮೇಲೆ ಹತ್ತಿ, ನಾನು ಬಾಗಿಲ ಚಿಲಕ ಹಾಕಿದ ಮೇಲೆ ಮಗಳು ಕೇಳಿದಳು.

"ಅದು ಯಾರ ಅಜ್ಜಿ ಅಮ್ಮಾ?"

ಕನ್ನಡದಲ್ಲಿ. ಅವಳಾಗಿಯೇ. ನಾನು ಹಾಲು ಉಕ್ಕಿಸಿಕೊಂಡು ಕಾದಿದ್ದ ವಾಕ್ಯ ಹೀಗೆ ಬಂತು.

"ಎಗ್ಮೋರ್ ಸಾರ್ ತಿದ್ದಿದ್ರು ಕಣೇ, ಅದಕ್ಕೆ..."

"ಓಕೆ ಮಾ," ಎಂದಳು. ಒಳಗೆ ಹೋದಳು. ಅಳಲಿಲ್ಲ, ಕೂಗಾಡಲಿಲ್ಲ. ಮುಂದಿನ ಭಾನುವಾರ ಹೊಟ್ಟೆನೋವು ಎಂದಳು, ಅದರ ಮುಂದಿನ ವಾರ ಪರೀಕ್ಷೆ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟಳು, ನಾನೂ ಕೇಳುವುದನ್ನು ಬಿಟ್ಟೆ. ಅವಳಾಗಿ ನನ್ನೊಡನೆ ಆಡಿದ ಕನ್ನಡದ ವಾಕ್ಯ ಅದೇ ಮೊದಲು, ಅದೇ ಕೊನೆ.

ಆ ಪುಟವನ್ನು ಪ್ರಿಂಟ್ ತೆಗೆದು ತುಮಕೂರಿಗೂ ಕಳಿಸಿದ್ದೆ. ಅಮ್ಮನ ಫೋನು ಬಂತು. ಸಂತೋಷಪಡುತ್ತಾರೆ ಎಂದುಕೊಂಡು ಎತ್ತಿದೆ.

"ಯಾರೇ ಈ ಅಜ್ಜಿ? ನಮ್ಮನೇಲಿ ಅಂಗಳ ಎಲ್ಲೈತೆ? ನಾನ್ ಯಾವತ್ತು ಕತೆ ಹೇಳಿದೀನಿ? ಹೋಳಿಗೆ ಮಾಡಾಕ್ ಬಂದಿದ್ರೆ ನಿಮ್ಮಪ್ಪ ಇಷ್ಟು ಬೈತಿರ್ಲಿಲ್ಲ. ಯಾರದ್ದೋ ಬರ್ದು ನಂದು ಅಂತ ಕಳ್ಸಿದೀಯಲ್ಲ, ನಾಚ್ಕೆ ಆಗಲ್ವಾ?"

ಆಯಿತಮ್ಮ ಎಂದೆ.

ಸೈಟು ಎರಡು ವರ್ಷ ಇತ್ತು. ಅದಕ್ಕೆ ಉಚಿತವಾಗಿ ಜಾಗ ಕೊಟ್ಟಿದ್ದವರು ಒಂದು ದಿನ ಬಾಗಿಲು ಹಾಕಿಕೊಂಡರು. ನಮ್ಮ ಪುಟಗಳೂ ಹೋದವು. ಸಾರ್ ಬಹಳ ನೊಂದುಕೊಂಡರು. ನಾನೂ ನೊಂದುಕೊಂಡೆ, ಆದರೆ ಒಂದು ಪುಟ ಹೋದದ್ದಕ್ಕೆ ಮಾತ್ರ ಉಸಿರು ಬಿಟ್ಟೆ. ಆಮೇಲೆ ಕೆಳಗಿನ ಮಾಮಿ ಮನೆ ಮಾರಿ ತಿರುಚ್ಚಿಯಲ್ಲಿ ಮಗಳ ಹತ್ತಿರ ಹೋದರು. ಹೋಗುವಾಗ ಬಕೆಟ್ಟನ್ನು ನಮಗೆ ಕೊಟ್ಟರು. ಹಿಡಿ ಕಿತ್ತು ತಂತಿ ಕಟ್ಟಿದ್ದ ಕೆಂಪು ಬಕೆಟ್. ನಾನು ಅದನ್ನು ಬಚ್ಚಲು ತೊಳೆಯಲು ಬಳಸಿದೆ, ಸೀಳುವವರೆಗೂ. ಅವರು ತೀರಿಕೊಂಡ ಸುದ್ದಿ ಬಂದಾಗ ಮಗಳು ಹನ್ನೊಂದನೆಯ ಕ್ಲಾಸು. ಬಕೆಟ್ ಎಲ್ಲಿ ಎಂದು ಕೇಳಿದಳು, ತಮಿಳಿನಲ್ಲಿ. ಬಿಸಾಡಿದೆ ಎಂದೆ. ಅವಳು ತಲೆ ಆಡಿಸಿದ ರೀತಿ ನನಗೆ ಈಗಲೂ ಕಾಣುತ್ತದೆ.

ಈ ಕಥೆಯ ಇನ್ನೊಂದು ತುಣುಕಿದೆ. ಮಗಳು ಕಾಲೇಜಿಗೆ ಸೇರಿದ ಹೊಸತು. ಅಷ್ಟು ಹೊತ್ತಿಗೆ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣಲು ಶುರುವಾಗಿತ್ತು. ಚಿತ್ರ ಮಾಡುವ ರಗಳೆ ಇಲ್ಲ, ತಪ್ಪಿದರೆ ಅಲ್ಲೇ ತಿದ್ದಬಹುದು. ಹಳೆಯ ಪುಟಗಳನ್ನು ಮತ್ತೆ ಕಟ್ಟೋಣ ಎನಿಸಿತು. ಪೆರಂಬೂರು ಮಾಮಿಯ ಹತ್ತಿರ ಹಳೆಯ ಹಾಳೆ ಏನಾದರೂ ಉಳಿದಿರಬಹುದು ಎಂದು ಹೋದೆ. ಮಾಮಿ ಕಾಫಿ ಕೊಟ್ಟು, ನನ್ನ ಮಾತು ಪೂರ್ತಿ ಕೇಳಿದರು. "ಎಲ್ಲಾ ನಿನ್ ಕೈಗೇ ಕೊಟ್ನಲ್ಲಮ್ಮ. ಆ ಬಕೆಟ್‌ಗೆ ನಾನು ಟಿಕ್ ಹಾಕಿದ್ದೆ. ಭಾನುವಾರ ಜಗಳ ಆಡಕ್ಕೆ ರೆಡಿಯಾಗಿ ಬಂದಿದ್ದೆ ಗೊತ್ತಾ? ನೀನು ಹಾಳೆನೇ ತರ್ಲಿಲ್ಲ."

ಮನೆಗೆ ಬಂದು ನಾನೇ ಬರೆಯಲು ಕೂತೆ. ಬರಲಿಲ್ಲ. ಅವಳ ಪೆನ್ಸಿಲ್ ಕನ್ನಡದ ಒಂದು ಸಾಲೂ ನೆನಪಿರಲಿಲ್ಲ. ನಾನು ಬರೆದ ಅಂಗಳ, ಹೋಳಿಗೆ ಎಲ್ಲ ಅಕ್ಷರ ಬಿಡದೆ ನೆನಪಿತ್ತು. ಅವಳು ಜಡೆಯ ವಿಷಯವನ್ನು ಕನ್ನಡದಲ್ಲಿ ಹೇಗೆ ಹೇಳಿದ್ದಳು? ಬಿಗಿ ಎಂದಿದ್ದಳೋ, ಟೈಟು ಎಂದಿದ್ದಳೋ? ಕಾಲು ಹೊರಗೆ ಕಾಯುತ್ತದೆ ಎನ್ನುವುದನ್ನು ಆ ಮಗು ಕನ್ನಡದಲ್ಲಿ ಹೇಗೆ ಕಟ್ಟಿದ್ದಳು? ಒಂಬತ್ತು ವರ್ಷದ ನನ್ನ ಮಗಳ ಕನ್ನಡ ಹೇಗಿತ್ತು? ಅದು ಇದ್ದದ್ದೇ ಒಂದು ಪುಟ. ಆ ಪುಟದ ಬೆನ್ನಿಗೆ ನಾನು ಜೀರಿಗೆ ಬರೆದೆ.

ಕೊನೆಗೆ ಅವಳನ್ನೇ ಕೇಳಿದೆ. ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋಗಿತ್ತು, ಬ್ಯಾಟರಿ ಇರುವಷ್ಟು ಹೊತ್ತು ಲ್ಯಾಪ್‌ಟಾಪ್ ಓಡುತ್ತಿತ್ತು. ಅವಳು ನೆಲದ ಮೇಲೆ ಮಲಗಿ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಕೆಳಗಡೆ ಪಾಟಿ ಪೇಜು ನೆನಪಿದೆಯೇನೇ? ನೀನು ಬರೆದಿದ್ದೆಯಲ್ಲ, ಅದು."

ಪೇಪರನ್ನು ಎದೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಚಾವಣಿ ನೋಡುತ್ತಲೇ ಹೇಳಿದಳು, ಕನ್ನಡದಲ್ಲಿ ಬರೆದಿದ್ದು ಜ್ಞಾಪಕವಿಲ್ಲ, ಪಾಟಿಗೆ ಹೇಳಿದ್ದು ಮಾತ್ರ ಜ್ಞಾಪಕವಿದೆ ಎಂದು. "ತಮಿಳ್‌ಲೆದಾನ್ ಮಾ ಇರುಕ್ಕು," ಎಂದಳು. ತಮಿಳಿನಲ್ಲೇ ಇದೆಯಮ್ಮ.

ಬೇರೆ ದಿನವಾಗಿದ್ದರೆ ಪ್ರಯತ್ನ ಪಡು, ಒಂದೊಂದೇ ಪದ ಹೇಳು ಎನ್ನುತ್ತಿದ್ದೆ.

"ತಮಿಳಲ್ಲೇ ಹೇಳು," ಎಂದೆ.

ಹೇಳಿದಳು. ನಾನು ಅವಳ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ, ತಮಿಳು ಮಾತನ್ನು ಕನ್ನಡ ಅಕ್ಷರದಲ್ಲಿ ಹೊಡೆದೆ. ಒಂದು ಕಡೆಯೂ ಕೈ ಹಾಕಲಿಲ್ಲ. ಬಸ್ಸಿನ ನಂಬರು, ರೇಡಿಯೋ, ಜಡೆ, ಬಕೆಟ್. ಮುಗಿದಾಗ ಬ್ಯಾಟರಿ ಕೆಂಪು ಗುರುತು ತೋರಿಸುತ್ತಿತ್ತು.

"ಸರಿಯಾಗಿದೆಯಾ ನೋಡು," ಎಂದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ.

ಎದ್ದು ಕೂತಳು. ಕನ್ನಡ ಓದಿ ಎಷ್ಟೋ ವರ್ಷವಾಗಿತ್ತು. ತೋರುಬೆರಳು ಎತ್ತಿ ಮೊದಲ ಸಾಲಿನ ಕೆಳಗೆ ಇಟ್ಟಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದತೊಡಗಿದಳು. ಬಕೆಟ್ ಎನ್ನುವಾಗ ಬೆರಳು ಬಕೆಟ್ಟಿನ ಕೆಳಗೇ ಇತ್ತು.

ಓದಿ ಮುಗಿಸಿ, ಕಾಫಿ ಬೇಕಾ ಎಂದು ತಮಿಳಿನಲ್ಲಿ ಕೇಳಿದಳು. ಬೇಕು ಎಂದೆ, ಕನ್ನಡದಲ್ಲಿ.